ವಾಡಿಯ ಗಡಿಯಾರ

ಮುಂಬಯಿಯಿಂದ ಮದರಾಸಿಗೆ ಹೋಗುವ ರೈಲುದಾರಿಯಲ್ಲಿ ಕಲಬುರಗಿಯನ್ನು ದಾಟಿ, ಶಹಾಬಾದಿನ ಕಲ್ಲುಗಣಿಗಳನ್ನು ಹಿಂದೆ ಬಿಟ್ಟು ಸಾಗಿದರೆ ವಾಡಿ ಎಂಬ ಸ್ಟೇಷನ್ನು ಸಿಕ್ಕುತ್ತದೆ. ರೈಲಿನಲ್ಲಿ ಓಡಾಡುವ ಕನ್ನಡಿಗರಲ್ಲಿ ಈ ಹೆಸರನ್ನು ಕೇಳದವರು ವಿರಳ. ಆದರೆ ಸ್ಟೇಷನ್ನಿನ ಬಾಗಿಲನ್ನು ದಾಟಿ ಊರನ್ನು ಕಂಡವರು ಇನ್ನೂ ವಿರಳ. ಅಲ್ಲಿ ಇಳಿಯುವವರು ಸಾಮಾನ್ಯವಾಗಿ ಇಳಿಯುವುದು ಬೇರೆ ಗಾಡಿಯನ್ನು ಹತ್ತುವುದಕ್ಕೆ. ಒಂದು ಹಳಿ ದಕ್ಷಿಣಕ್ಕೆ ತಿರುಗಿ ರಾಯಚೂರಿನ ಕಡೆ ಹೋಗುತ್ತದೆ; ಇನ್ನೊಂದು ಪೂರ್ವಕ್ಕೆ ಚಿತ್ತಾಪುರ, ಮಳಖೇಡ, ಸೇಡಂ, ತಾಂಡೂರುಗಳ ಮೇಲೆ ಹೈದರಾಬಾದಿಗೆ ಹೋಗುತ್ತದೆ. ಹೀಗೆ ಕಾಯುವುದೇ ಮುಖ್ಯ ಕೆಲಸವಾಗಿರುವ ಸ್ಥಳದಲ್ಲಿ ಪ್ರಯಾಣಿಕನ ಬಾಯಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ: ಗಾಡಿ ಸರಿಯಾದ ಹೊತ್ತಿಗೆ ಬರುತ್ತದೆಯೆ?

ಪ್ರಶ್ನೆಯೇನೋ ಸರಳವಾಗಿ ಕಾಣುತ್ತದೆ. ಗಾಡಿ ಬಂದಾಗ ಗಡಿಯಾರವನ್ನು ನೋಡಿದರೆ ತೀರಿತು ಎನ್ನಬಹುದು. ಆದರೆ ಸರಿಯಾದ ಹೊತ್ತು ಎಂದರೆ ಯಾರ ಗಡಿಯಾರದ ಹೊತ್ತು? ಯಾವ ಸ್ಟೇಷನ್ನಿನಲ್ಲಿ ನೋಡಿದ ಹೊತ್ತು? ಎಷ್ಟು ಮಿನಿಟು ತಡವಾದರೂ ಸರಿ ಎಂದು ಕರೆಯಬಹುದು, ಮತ್ತು ಅದನ್ನು ಬರೆದುಕೊಳ್ಳುವವರು ಯಾರು? ವಾಡಿಯ ಸ್ಟೇಷನ್ನಿನ ಇತಿಹಾಸವನ್ನು ಹಿಡಿದು ಹೊರಟರೆ ಈ ಪ್ರಶ್ನೆಗಳು ಒಂದೊಂದಾಗಿ ಎದುರಿಗೆ ಬರುತ್ತವೆ. ಈ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು ಕಾಲಕಾಲಕ್ಕೆ ಬದಲಾಗಿವೆಯೆಂಬುದೂ, ಅವುಗಳನ್ನು ಕೊಟ್ಟವರು ಸ್ಟೇಷನ್ನಿನಲ್ಲಿ ಕಾಯುತ್ತಿದ್ದವರಲ್ಲವೆಂಬುದೂ ಗಮನಿಸತಕ್ಕ ಸಂಗತಿಗಳು.

ಮೊದಲು ದಾರಿ ಹುಟ್ಟಿದ ಬಗೆಯನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಎಂಬ ಕಂಪೆನಿ 1853ನೆಯ ಇಸವಿಯ ಏಪ್ರಿಲ್ 16ರಂದು ಮುಂಬಯಿಯಿಂದ ಠಾಣೆಗೆ ತನ್ನ ಮೊದಲ ಗಾಡಿಯನ್ನು ಓಡಿಸಿತು. ಮೂರು ವರ್ಷಗಳ ಮೇಲೆ, 1856ರಲ್ಲಿ, ಮದರಾಸು ರೈಲ್ವೆಯವರು ರಾಯಪುರದಿಂದ ಪಶ್ಚಿಮಕ್ಕೆ ಹೊರಟರು. ಒಂದು ಕಂಪೆನಿ ಭೋರ್ ಘಾಟನ್ನು ಹತ್ತಿ ಸೊಲ್ಲಾಪುರದ ಮೇಲೆ ಆಗ್ನೇಯಕ್ಕೆ ಇಳಿಯಿತು. ಮತ್ತೊಂದು ವಾಯವ್ಯಕ್ಕೆ ಏರಿತು. ಎರಡೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದುವು. ದಾರಿಯ ಒಂದು ದೊಡ್ಡ ಭಾಗ ನಿಜಾಮರ ಸಂಸ್ಥಾನದಲ್ಲಿ ಹಾದುಹೋಗಿದ್ದರೂ ರಾಜಧಾನಿಯಾದ ಹೈದರಾಬಾದು ಮಾತ್ರ ದೂರವೇ ಉಳಿದಿತ್ತು. ಆ ಕೊರತೆಯನ್ನು ತುಂಬುವುದಕ್ಕಾಗಿ ದಿವಾನರಾದ ಸಾಲಾರ್ ಜಂಗರ ಕಾಲದಲ್ಲಿ ಸಂಸ್ಥಾನದ ಹಣದಿಂದ ಒಂದು ಶಾಖೆಯನ್ನು ಹಾಕಿಸಿದರು. ವಾಡಿಯಿಂದ ಸಿಕಂದರಾಬಾದಿಗೆ ಸುಮಾರು 120 ಮೈಲಿಗಳ ಈ ದಾರಿಯಲ್ಲಿ 1874ರಲ್ಲಿ ಗಾಡಿ ಓಡಿತು. ಚಿತ್ತಾಪುರಕ್ಕೂ ಸೇಡಮಿಗೂ ರೈಲು ಬಂದದ್ದು ಹೀಗೆ. ಚಿಂಚೋಳಿಗೆ ಬರಲಿಲ್ಲ, ಆ ಮಾತನ್ನು ಮುಂದೆ ಹೇಳುತ್ತೇನೆ.

ಈ ಸೀಮೆಗೆ ಕಾಲವನ್ನು ಅಳೆಯುವ ವಿದ್ಯೆಯನ್ನು ರೈಲು ತಂದುಕೊಟ್ಟಿತೆಂದು ಮಾತ್ರ ಯಾರೂ ಭಾವಿಸಬಾರದು. ಚಿತ್ತಾಪುರಕ್ಕೂ ಸೇಡಮಿಗೂ ನಡುವೆ, ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ ತನ್ನ ಗಣಿತಸಾರಸಂಗ್ರಹವನ್ನು ಆರಂಭಿಸಿದ ಮಹಾವೀರಾಚಾರ್ಯನು ಕಾಲದ ಅಳತೆಗಳನ್ನು ಕ್ರಮವಾಗಿ ಕೊಟ್ಟಿದ್ದಾನೆ. ಏಳು ಉಚ್ಛ್ವಾಸಗಳಿಗೆ ಒಂದು ಸ್ತೋಕ, ಏಳು ಸ್ತೋಕಗಳಿಗೆ ಒಂದು ಲವ, ಮೂವತ್ತೆಂಟೂವರೆ ಲವಗಳಿಗೆ ಒಂದು ಘಟಿ, ಎರಡು ಘಟಿಗಳಿಗೆ ಒಂದು ಮುಹೂರ್ತ, ಮೂವತ್ತು ಮುಹೂರ್ತಗಳಿಗೆ ಒಂದು ದಿನ. ಅಂದರೆ ನಮ್ಮ 24 ಮಿನಿಟಿನ ಘಳಿಗೆಯಲ್ಲಿ ಮನುಷ್ಯನು ಸಾವಿರದ ಎಂಟುನೂರ ಎಂಬತ್ತಾರೂವರೆ ಸಲ ಉಸಿರಾಡುತ್ತಾನೆಂದು ಲೆಕ್ಕ. ಆ ಅರ್ಧ ಉಸಿರನ್ನೂ ಬಿಡದೆ ಎಣಿಸಿದವರ ಊರಿನ ಮುಂದೆಯೇ ಇಂದು ರೈಲು ಹಾದುಹೋಗುತ್ತದೆ. ಇಂದು ನಮ್ಮ ರೈಲ್ವೆಯವರು ತಡವೆಂದೇ ಗಣಿಸದೆ ಬಿಟ್ಟುಬಿಡುವ ಹದಿನೈದು ಮಿನಿಟುಗಳಿಗೆ ಆ ಲೆಕ್ಕದಂತೆ ಸುಮಾರು ಸಾವಿರದ ನೂರ ಎಂಬತ್ತು ಉಸಿರುಗಳಾಗುತ್ತವೆ. ಪ್ಲಾಟ್‌ಫಾರಮ್ಮಿನಲ್ಲಿ ನಿಂತು ಎಣಿಸಿ ನೋಡಬೇಕೆನ್ನುವವರು ನೋಡಬಹುದು.

ಆದರೆ ಆ ಕಾಲದ ಘಳಿಗೆ ಆಯಾ ಊರಿನ ಘಳಿಗೆ. ತಳದಲ್ಲಿ ಸಣ್ಣ ತೂತುಳ್ಳ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟು, ಅದು ತುಂಬಿ ಮುಳುಗುವ ಹೊತ್ತನ್ನು ಎಣಿಸುವವನಿಗೆ ತನ್ನ ಊರಿನ ಸೂರ್ಯೋದಯವೇ ಆದಿ. ಪಕ್ಕದ ಊರಿನ ಸೂರ್ಯನು ಅರ್ಧ ಮಿನಿಟು ಮೊದಲು ಹುಟ್ಟಿದರೆ ಅವನಿಗೇನೂ ನಷ್ಟವಿಲ್ಲ. ಎತ್ತಿನ ಗಾಡಿಯ ವೇಗಕ್ಕೆ ಈ ಭೇದ ಕಾಣಿಸುವಂಥದೂ ಅಲ್ಲ. ಒಂದೇ ದಿನದಲ್ಲಿ ನೂರಾರು ಮೈಲಿ ಓಡುವ ಗಾಡಿ ಬಂದ ಮೇಲೆ ಅದು ಕಾಣಿಸಿತು. ಕಾಣಿಸಿದ್ದಷ್ಟೇ ಅಲ್ಲ, ಅಪಾಯವೂ ಆಯಿತು. ಒಂದೇ ಹಳಿಯ ಮೇಲೆ ಎದುರುಬದುರಾಗಿ ಬರುವ ಎರಡು ಗಾಡಿಗಳು ಬೇರೆ ಬೇರೆ ಗಡಿಯಾರಗಳನ್ನು ನಂಬಿದರೆ ಏನಾಗುವುದೆಂದು ಹೇಳಬೇಕಾಗಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಭೂಮಿ ಒಂದು ಅಂಶ ತಿರುಗುವುದಕ್ಕೆ 4 ಮಿನಿಟು ಬೇಕು. ಮುಂಬಯಿಯ ಹೊತ್ತು ಗ್ರೀನಿಚ್ಚಿಗಿಂತ 4 ಘಂಟೆ 51 ಮಿನಿಟು ಮುಂದೆ; ಮದರಾಸಿನದು 5 ಘಂಟೆ 21 ಮಿನಿಟು ಮುಂದೆ. ಎರಡಕ್ಕೂ ನಡುವೆ ಅರ್ಧ ಘಂಟೆಯ ಅಂತರ. ವಾಡಿ ಸುಮಾರು 77 ಅಂಶದ ರೇಖಾಂಶದಲ್ಲಿರುವುದರಿಂದ ಅದರ ಸ್ವಂತ ಹೊತ್ತು ಗ್ರೀನಿಚ್ಚಿಗಿಂತ 5 ಘಂಟೆ 8 ಮಿನಿಟು ಮುಂದೆ. ಆದ್ದರಿಂದ ವಾಡಿಯಲ್ಲಿ ಸರಾಸರಿ ನಡುಹಗಲಾದಾಗ ಮುಂಬಯಿಯ ಗಡಿಯಾರ 11 ಘಂಟೆ 43 ಮಿನಿಟನ್ನೂ ಮದರಾಸಿನ ಗಡಿಯಾರ 12 ಘಂಟೆ 13 ಮಿನಿಟನ್ನೂ ತೋರಿಸಬೇಕು. ಒಂದು ಸ್ಟೇಷನ್ನು, ಮೂರು ನಡುಹಗಲು!

ಇವುಗಳಲ್ಲಿ ಯಾವುದು ನಿಜವಾದ ನಡುಹಗಲೆಂದು ಖಗೋಳಶಾಸ್ತ್ರಜ್ಞನನ್ನು ಕೇಳಿದರೆ ಅವನು ವಾಡಿಯದೇ ಎನ್ನುವನು. ರೈಲ್ವೆಯವರು ಮದರಾಸಿನದು ಎಂದರು. 1870ರ ಸುಮಾರಿನಿಂದ ಹಿಂದೂಸ್ಥಾನದ ರೈಲುಗಳಿಗೆಲ್ಲ ಮದರಾಸಿನ ಹೊತ್ತೇ ಪ್ರಮಾಣವೆಂಬ ಪದ್ಧತಿ ನೆಲೆಗೊಂಡಿತು. ಮದರಾಸಿನಲ್ಲಿ 1792ರಲ್ಲಿ ಕಟ್ಟಿದ ವೇಧಶಾಲೆಯಿತ್ತು. ಅಲ್ಲಿಂದ ತಂತಿಯ ಮೂಲಕ ಹೊತ್ತನ್ನು ಸಾರಬಹುದಾಗಿತ್ತು. ಅದಲ್ಲದೆ ಮದರಾಸಿನ ಹೊತ್ತು ಕಲ್ಕತ್ತೆಗೂ ಮುಂಬಯಿಗೂ ಹೆಚ್ಚುಕಡಮೆ ನಡುವೆ ಬೀಳುವುದರಿಂದ ಎರಡು ದೊಡ್ಡ ನಗರಗಳ ಮಾನವೂ ಉಳಿಯಿತು. ಮುಂಬಯಿಯವರು ಇದನ್ನು ಮನಸ್ಸಿಟ್ಟು ಒಪ್ಪಿಕೊಳ್ಳಲಿಲ್ಲ. ಅವರ ಊರಿನ ಗಡಿಯಾರ ಒಂದು, ರೈಲಿನ ಗಡಿಯಾರ ಇನ್ನೊಂದು, ಎಂಬುದು ಬಹುಕಾಲ ನಡೆಯಿತು.

ಮುಂಬಯಿಯವರಿಗೆ ಪತ್ರಿಕೆಗಳಿದ್ದುವು, ಸಭೆಗಳಿದ್ದುವು. ಅವರ ಅಸಮಾಧಾನ ದಾಖಲೆಯಾಯಿತು. ಚಿತ್ತಾಪುರದ ರೈತನ ಪಾಡನ್ನು ನಾವು ಲೆಕ್ಕದಿಂದಲೇ ಊಹಿಸಿಕೊಳ್ಳಬೇಕು. ಅವನಿಗೆ ಸೂರ್ಯನೇ ಗಡಿಯಾರ. ಎಂಟು ಘಂಟೆಯ ಗಾಡಿಯೆಂದು ಕೇಳಿ, ಬಿಸಿಲನ್ನು ನೋಡಿ ಎಂಟಕ್ಕೆ ಸರಿಯಾಗಿ ಅವನು ಸ್ಟೇಷನ್ನಿಗೆ ಬಂದರೆ ಅಲ್ಲಿನ ಗಡಿಯಾರದಲ್ಲಿ ಎಂಟು ಹೊಡೆದು ಹನ್ನೆರಡು ಮಿನಿಟಿಗೆ ಮೇಲಾಗಿರುತ್ತಿತ್ತು. ಗಾಡಿ ಕಾಲನಿಷ್ಠೆಯಿಂದ ಹೊರಟುಹೋಗಿದೆ. ರೈತನೂ ತನ್ನ ಕಾಲಕ್ಕೆ ನಿಷ್ಠನಾಗಿಯೇ ಬಂದಿದ್ದಾನೆ. ಪುಸ್ತಕದಲ್ಲಿ ಗಾಡಿ ಸರಿಯಾದ ಹೊತ್ತಿನದು; ತಡವಾದವನು ಮನುಷ್ಯ. ಹಳ್ಳಿಯವರು ಸ್ಟೇಷನ್ನಿಗೆ ಎರಡು ತಾಸು ಮೊದಲೇ ಬಂದು ಗಂಟುಮೂಟೆಗಳ ಮೇಲೆ ಕುಳಿತಿರುತ್ತಾರೆಂದು ನಗುವ ನಗರವಾಸಿಗಳು ಈ ಹನ್ನೆರಡು ಹದಿಮೂರು ಮಿನಿಟುಗಳನ್ನು ನೆನೆಯುವುದು ಒಳ್ಳೆಯದು. ಗಡಿಯಾರವನ್ನು ಇನ್ನೊಬ್ಬರು ಹಿಡಿದಿರುವಾಗ ಮೊದಲೇ ಬಂದು ಕುಳಿತುಕೊಳ್ಳುವುದು ಅವಿವೇಕವಲ್ಲ.

1906ನೆಯ ಇಸವಿಯ ಜನವರಿ 1ರಿಂದ ಗ್ರೀನಿಚ್ಚಿಗಿಂತ ಐದೂವರೆ ಘಂಟೆ ಮುಂದಿರುವ ಹೊತ್ತು ದೇಶಕ್ಕೆಲ್ಲ ಪ್ರಮಾಣವಾಯಿತು. ಮದರಾಸಿನ ಹಿರಿಮೆ ಹೋಯಿತು. ವಾಡಿಯ ನಡುಹಗಲು ಇನ್ನೂ 9 ಮಿನಿಟು ಜಾರಿ 12 ಘಂಟೆ 22 ಮಿನಿಟಿಗೆ ಬಂತು. ಕಲ್ಕತ್ತೆ ಮತ್ತು ಮುಂಬಯಿಗಳು ತಮ್ಮ ಸ್ವಂತ ಹೊತ್ತನ್ನು ಇನ್ನೂ ಹಲವು ದಶಕಗಳು ಇಟ್ಟುಕೊಂಡುವು. ಸಣ್ಣ ಊರುಗಳು ಅಂಥ ಹಟವನ್ನು ಹಿಡಿಯಲಿಲ್ಲ. ಸ್ಟೇಷನ್ನಿನ ಗಡಿಯಾರವೇ ಊರಿನ ಗಡಿಯಾರವಾಯಿತು.

ಇಂದಿಗೂ ರೈಲ್ವೆಯ ಸಾಮಾನ್ಯ ನಿಯಮಗಳಲ್ಲಿ ಈ ಇತಿಹಾಸದ ಗುರುತು ಉಳಿದಿದೆ. ಸರ್ಕಾರವು ಗೊತ್ತುಮಾಡಿದ ಪ್ರಮಾಣದ ಹೊತ್ತನ್ನು ಪ್ರತಿದಿನವೂ 16 ಘಂಟೆಗೆ, ಎಂದರೆ ಸಾಯಂಕಾಲ ನಾಲ್ಕಕ್ಕೆ, ಮುಖ್ಯ ಸ್ಟೇಷನ್ನುಗಳಿಗೆಲ್ಲ ತಿಳಿಸಬೇಕು. ಗಾಡಿ ಹೊರಡುವ ಮುನ್ನ ಗಾರ್ಡು ತನ್ನ ಕೈಗಡಿಯಾರವನ್ನು ಸ್ಟೇಷನ್ನಿನ ಗಡಿಯಾರಕ್ಕೆ ಸರಿಹೊಂದಿಸಿಕೊಂಡು, ಅದನ್ನು ಎಂಜಿನು ನಡೆಸುವವನಿಗೆ ಹೇಳಬೇಕು. ಅವನು ತನ್ನದನ್ನು ಹಾಗೆಯೇ ತಿದ್ದಿಕೊಳ್ಳಬೇಕು. ಗಾರ್ಡಿಗೆ 2022ರಲ್ಲಿ ಟ್ರೈನ್ ಮ್ಯಾನೇಜರ್ ಎಂಬ ಹೊಸ ಹೆಸರು ಬಂತು. ಗಡಿಯಾರವನ್ನು ಕೂಡಿಸುವ ಕೆಲಸ ಹಾಗೆಯೇ ಉಳಿಯಿತು. ಹತ್ತಿರದಲ್ಲಿಯೇ ಮತ್ತೊಂದು ನಿಯಮವಿದೆ: ಪ್ರಕಟಿಸಿದ ಹೊತ್ತಿಗಿಂತ ಮೊದಲು ಯಾವ ಪ್ರಯಾಣಿಕರ ಗಾಡಿಯೂ ಸ್ಟೇಷನ್ನನ್ನು ಬಿಡಕೂಡದು. ಇದು ಖಂಡಿತವಾದ ಮಾತು. ಬೇಗ ಹೊರಡುವುದಕ್ಕೆ ಅರ್ಧ ಮಿನಿಟಿನ ರಿಯಾಯಿತಿಯೂ ಇಲ್ಲ. ತಡವಾಗಿ ಹೊರಡಕೂಡದೆಂಬ ನಿಯಮವನ್ನು ಇಷ್ಟು ಖಂಡಿತವಾಗಿ ಬರೆಯುವುದು ಯಾವ ರೈಲ್ವೆಗೂ ಸಾಧ್ಯವಿಲ್ಲ. ತಡವೆಂಬುದನ್ನು ಶೇಕಡಾ ಲೆಕ್ಕದಲ್ಲಿಯೇ ಹಿಡಿಯಬೇಕಾಗುತ್ತದೆ. ಹಾಗಾದರೆ ಆ ಲೆಕ್ಕವನ್ನು ಹೇಗೆ ಹಾಕುತ್ತಾರೆ?

ಗಾಡಿ ಹೋದಲ್ಲೆಲ್ಲ ಅದರ ಹೊತ್ತನ್ನು ಯಾರಾದರೊಬ್ಬರು ಬರೆಯುತ್ತಲೇ ಬಂದಿದ್ದಾರೆ. ಸೇಡಮಿನ ಸ್ಟೇಷನ್ ಮಾಸ್ತರನು ಗಾಡಿ ಬಂದ ಮತ್ತು ಹೋದ ಹೊತ್ತನ್ನು ತನ್ನ ರಿಜಿಸ್ಟರಿನಲ್ಲಿ ಬರೆಯುತ್ತಾನೆ. ಅವನು ಅದನ್ನು ಬರೆಯುವುದು ಕಾಲನಿಷ್ಠೆಗಿಂತ ಹೆಚ್ಚಾಗಿ ಸುರಕ್ಷತೆಗಾಗಿ: ಹಿಂದಿನ ಗಾಡಿ ಮುಂದಿನ ಸ್ಟೇಷನ್ನನ್ನು ಸೇರಿತೆಂದು ತಿಳಿಯದೆ ಇನ್ನೊಂದು ಗಾಡಿಯನ್ನು ಬಿಡುವಂತಿಲ್ಲ. ಗಾರ್ಡು ತನ್ನ ಪತ್ರಿಕೆಯಲ್ಲಿ ಬರೆಯುತ್ತಾನೆ. ನೂರಾರು ಮೈಲಿ ದೂರದ ಕಂಟ್ರೋಲ್ ಕೊಠಡಿಯಲ್ಲಿ ಕುಳಿತವನು ಟೆಲಿಫೋನಿನಲ್ಲಿ ಈ ಹೊತ್ತುಗಳನ್ನು ಕೇಳಿಕೊಂಡು, ಒಂದು ಕಡೆ ಘಂಟೆಗಳನ್ನೂ ಇನ್ನೊಂದು ಕಡೆ ಸ್ಟೇಷನ್ನುಗಳನ್ನೂ ಗುರುತಿಸಿದ ಹಾಳೆಯ ಮೇಲೆ ಪ್ರತಿಯೊಂದು ಗಾಡಿಗೂ ಒಂದೊಂದು ಓರೆಗೆರೆಯನ್ನು ಎಳೆಯುತ್ತಿದ್ದನು. ಗಾಡಿ ನಿಂತಲ್ಲಿ ಗೆರೆ ಅಡ್ಡ ಮಲಗುತ್ತದೆ. ವೇಗವಾಗಿ ಓಡಿದಲ್ಲಿ ನೆಟ್ಟಗಾಗುತ್ತದೆ. ಈಗ ಗೆರೆಯನ್ನು ಕಂಪ್ಯೂಟರು ಎಳೆಯುತ್ತದೆ. ಒಟ್ಟಿನಲ್ಲಿ ಒಂದು ಗಾಡಿಯ ಒಂದು ದಿನದ ಚರಿತ್ರೆ ಸ್ಟೇಷನ್ನು ಸ್ಟೇಷನ್ನಿಗೂ ಮಿನಿಟು ಮಿನಿಟಿಗೂ ಇರುತ್ತದೆ. ಇತಿಹಾಸ ಬರೆಯುವವರಿಗೆ ಹೊಟ್ಟೆಕಿಚ್ಚಾಗುವಷ್ಟು ತುಂಬಿದ ದಾಖಲೆ ಇದು.

ಆದರೆ ಪ್ರಕಟವಾಗುವ ಶೇಕಡಾ ಲೆಕ್ಕಕ್ಕೆ ಈ ತುಂಬಿದ ಚರಿತ್ರೆ ಬೇಕಾಗಿಲ್ಲ. ಅದಕ್ಕೆ ಬೇಕಾದದ್ದು ಕೊನೆಯ ಒಂದು ಸಾಲು. ನಮ್ಮ ದೇಶದ ಪದ್ಧತಿಯಲ್ಲಿ ದೂರದ ಗಾಡಿಯ ಕಾಲನಿಷ್ಠೆಯನ್ನು ಎಣಿಸುವುದು ಅದು ಮುಟ್ಟಿ ನಿಲ್ಲುವ ಕಡೆಯ ಸ್ಟೇಷನ್ನಿನಲ್ಲಿ. ಅಲ್ಲಿಗೆ ಗೊತ್ತಾದ ಹೊತ್ತಿಗಿಂತ 15 ಮಿನಿಟಿನೊಳಗಾಗಿ ಬಂದರೆ ಅದು ಸರಿಯಾದ ಹೊತ್ತಿಗೇ ಬಂದ ಗಾಡಿ. ಭಾರತದ ಮಹಾಲೆಕ್ಕಪರಿಶೋಧಕರು ರೈಲುಗಳ ಕಾಲನಿಷ್ಠೆಯನ್ನು ಕುರಿತು ಬರೆದು 2022ರಲ್ಲಿ ಪಾರ್ಲಿಮೆಂಟಿನ ಮುಂದೆ ಬಂದ ವರದಿಯಲ್ಲಿ ಈ ಅಂಶವನ್ನು ಎತ್ತಿ ಹೇಳಿದರು: ನಡುವಣ ಸ್ಟೇಷನ್ನುಗಳ ಹೊತ್ತು ಈ ಅಳತೆಗೆ ಒಳಪಡುವುದಿಲ್ಲ.

ಇದರ ಅರ್ಥವನ್ನು ಒಂದು ಉದಾಹರಣೆಯಿಂದ ನೋಡಬಹುದು. ಹೈದರಾಬಾದಿನ ಕಡೆಯಿಂದ ವಾಡಿಯ ಮೇಲೆ ಮುಂಬಯಿಗೆ ಹೋಗುವ ಒಂದು ಗಾಡಿಯಿದೆಯೆನ್ನಿ. ಅದು ಸೇಡಮಿಗೆ 40 ಮಿನಿಟು ತಡವಾಗಿ ಬಂತು. ಚಿತ್ತಾಪುರಕ್ಕೂ ಅಷ್ಟೇ ತಡ. ವಾಡಿಯಿಂದಾಚೆ ರಾತ್ರಿಯೆಲ್ಲ ಓಡಿ, ಕಳೆದುಕೊಂಡದ್ದನ್ನು ಸ್ವಲ್ಪ ಸ್ವಲ್ಪವಾಗಿ ಸಂಪಾದಿಸಿ, ಮುಂಬಯಿಯನ್ನು 12 ಮಿನಿಟಿನ ತಡದಲ್ಲಿ ಮುಟ್ಟಿತು. ಲೆಕ್ಕದ ಪುಸ್ತಕದಲ್ಲಿ ಅದು ತಪ್ಪಿಲ್ಲದ ಗಾಡಿ. ಸೇಡಮಿನಲ್ಲಿ ಹತ್ತಿ ಚಿತ್ತಾಪುರದಲ್ಲಿ ಇಳಿದ ಉಪಾಧ್ಯಾಯನಿಗೆ ಮಾತ್ರ ಮೊದಲನೆಯ ಪಾಠ ತಪ್ಪಿತು. ವಾಡಿಯ ಸಿಮೆಂಟಿನ ಕಾರ್ಖಾನೆಯ ಪಾಳಿಗೆ ಹೋಗಬೇಕಾದ ಕೂಲಿಯವನಿಗೆ ಅರ್ಧ ದಿನದ ಸಂಬಳ ಹೋಗಬಹುದು. ಕಲಬುರಗಿಯ ಆಸ್ಪತ್ರೆಯಲ್ಲಿ ಚೀಟಿ ಕೊಡುವ ಹೊತ್ತು ಮುಗಿದಿರಬಹುದು. ಇವರಾರೂ ಆ ಶೇಕಡಾ ಲೆಕ್ಕದಲ್ಲಿಲ್ಲ. ಗಾಡಿ ಎಲ್ಲಿಗೆ ಹೋಗುತ್ತದೆಯೋ ಅಲ್ಲಿನವರು ಮಾತ್ರ ಪ್ರಯಾಣಿಕರು, ನಡುವೆ ಹತ್ತಿ ನಡುವೆಯೇ ಇಳಿಯುವವರು ದಾರಿಹೋಕರು ಎಂದ ಹಾಗಾಯಿತು. ದಿನವೂ ಊರಿಂದೂರಿಗೆ ಓಡಾಡುವವನ ಪ್ರಯಾಣವಾದರೋ ಎಂದೆಂದಿಗೂ ನಡುವಣ ಪ್ರಯಾಣವೇ.

ತಡವನ್ನು ಸಂಪಾದಿಸುವುದು ಎಂದೆನಷ್ಟೆ. ಅದರಲ್ಲಿ ಎಂಜಿನಿನ ಶೌರ್ಯವೇ ಎಲ್ಲವೂ ಅಲ್ಲ. ವೇಳಾಪಟ್ಟಿಯನ್ನು ಸಿದ್ಧಪಡಿಸುವಾಗ, ಹಳಿಯ ದುರಸ್ತಿಗೆಂದು ಕೆಲವು ಮಿನಿಟು, ಬೇರೆ ಗಾಡಿಗಳಿಗೆ ದಾರಿ ಬಿಡುವುದಕ್ಕೆಂದು ಕೆಲವು ಮಿನಿಟು, ಹೀಗೆ ಬಿಡುವಿನ ಹೊತ್ತನ್ನು ಸೇರಿಸುತ್ತಾರೆ. ಇದು ನ್ಯಾಯವಾದದ್ದೇ, ಬೇಸಗೆಯಲ್ಲಿ ಹಳಿ ಹಿಗ್ಗುವ ನಾಡಿನಲ್ಲಿ ದುರಸ್ತಿ ಮಾಡದೆ ಇರಲಾಗದು. ಆದರೆ ಈ ಬಿಡುವು ದಾರಿಯುದ್ದಕ್ಕೂ ಸಮನಾಗಿ ಹರಡಿರುವುದಿಲ್ಲ. ಕಡೆಯ ಸ್ಟೇಷನ್ನಿಗೆ ಮುಂಚಿನ ಕೆಲವು ಮೈಲಿಗಳಲ್ಲಿಯೂ, ಒಂದು ಆಡಳಿತದಿಂದ ಇನ್ನೊಂದಕ್ಕೆ ಗಾಡಿಯನ್ನು ಒಪ್ಪಿಸುವ ಸ್ಟೇಷನ್ನಿಗೆ ಮುಂಚೆಯೂ ಅದು ಗುಡ್ಡೆಯಾಗಿ ಬಿದ್ದಿರುತ್ತದೆ. ವೇಳಾಪಟ್ಟಿಯನ್ನು ಸಾವಧಾನವಾಗಿ ಓದುವ ಅಭ್ಯಾಸವುಳ್ಳವರು ಗಮನಿಸಿರಬಹುದು: ಹೋಗುವಾಗ ಇಪ್ಪತ್ತು ಮಿನಿಟಿನಲ್ಲಿ ಮುಗಿಯುವ ದೂರಕ್ಕೆ ಬರುವಾಗ ನಲವತ್ತು ಮಿನಿಟು ಕೊಟ್ಟಿರುವುದುಂಟು. ಹಳಿ ಅದೇ, ದೂರ ಅದೇ. ಆದರೆ ಬರುವಾಗ ಅದು ಕಡೆಯ ತುಂಡು. ಲೆಕ್ಕ ಎಲ್ಲಿ ನಡೆಯುತ್ತದೆಯೋ ಬಿಡುವಿನ ಮಿನಿಟುಗಳೂ ಅಲ್ಲಿಗೇ ಹರಿದುಹೋಗುತ್ತವೆ.

ಒಪ್ಪಿಸುವ ಸ್ಟೇಷನ್ನು ಎಂದೊಡನೆ ವಾಡಿಗೆ ಮರಳಬೇಕಾಗುತ್ತದೆ. 1874ರಿಂದ ವಾಡಿ ಎರಡು ಆಡಳಿತಗಳ ಗಡಿ. ಶಹಾಬಾದಿನ ಕಡೆಯಿಂದ ಬಂದ ಗಾಡಿ ಮುಂಬಯಿ ಕಂಪೆನಿಯದು. ಚಿತ್ತಾಪುರದ ಕಡೆಗೆ ಹೊರಡುವುದು ನಿಜಾಮರ ರೈಲ್ವೆಯದು. ಮುಂಬಯಿಯ ಮೇಲು ತಡವಾದರೆ ಹೈದರಾಬಾದಿನ ಗಾಡಿ ಕಾಯಬೇಕೆ? ಕಾದರೆ ಚಿತ್ತಾಪುರ ಸೇಡಂಗಳ ಜನಕ್ಕೆ ತಡ. ಕಾಯದಿದ್ದರೆ ಮುಂಬಯಿಯಿಂದ ಬಂದವರು ರಾತ್ರಿ ವಾಡಿಯಲ್ಲಿ ಸೊಳ್ಳೆಗಳೊಡನೆ ಕಳೆಯಬೇಕು. ಕಾದ ಮಿನಿಟುಗಳನ್ನು ಯಾರ ಖಾತೆಗೆ ಬರೆಯಬೇಕು? ಎರಡು ಆಡಳಿತಗಳು ಕೂಡುವ ಜಂಕ್ಷನ್ನಿನಲ್ಲೆಲ್ಲ ಏಳುವ ವ್ಯಾಜ್ಯ ಇದು. ತಡವಾದ ಪ್ರತಿಯೊಂದು ಗಾಡಿಗೂ ಕಾರಣವನ್ನು ಬರೆಯುವ ಪದ್ಧತಿ ರೈಲ್ವೆಯಲ್ಲಿ ಬೇರೂರಿದೆ: ಸಿಗ್ನಲ್ಲು ಕೆಟ್ಟಿತು, ಎಂಜಿನು ಕೆಟ್ಟಿತು, ಯಾರೋ ಸರಪಳಿಯೆಳೆದರು, ದನ ಸಿಕ್ಕಿತು, ಕೂಡಬೇಕಾದ ಗಾಡಿ ಬರಲಿಲ್ಲ. ಪ್ರತಿಯೊಂದು ಕಾರಣಕ್ಕೂ ಒಂದೊಂದು ಇಲಾಖೆ ತಲೆಕೊಡಬೇಕು. ಆದುದರಿಂದ ಕಾರಣವನ್ನು ಬರೆಯುವುದರಲ್ಲಿಯೂ ಒಂದು ರಾಜಕೀಯವಿದೆಯೆಂದು ಹೇಳಿದರೆ ಅತಿಶಯವಾಗದು. ಪಾಪ, ದನಕ್ಕೆ ಮಾತ್ರ ಇಲಾಖೆಯಿಲ್ಲ.

ಈ ಗಡಿ ಕುತೂಹಲಕರವಾಗಿ ಅಳಿಸಿಹೋಗಿ ಮತ್ತೆ ಮೂಡಿತು. ನಿಜಾಮರ ರೈಲ್ವೆಯನ್ನು 1880ರ ದಶಕದಲ್ಲಿ ಲಂಡನ್ನಿನ ಒಂದು ಕಂಪೆನಿಗೆ ಒಪ್ಪಿಸಲಾಗಿತ್ತು. 1930ರಲ್ಲಿ ಸಂಸ್ಥಾನದ ಸರ್ಕಾರವೇ ಅದನ್ನು ಕೊಂಡುಕೊಂಡಿತು. ಸಂಸ್ಥಾನ ಹೋದ ಮೇಲೆ, 1951ರ ನವೆಂಬರ್ 5ರಂದು, ಮುಂಬಯಿ ಕಂಪೆನಿಯ ದಾರಿಗಳೂ ನಿಜಾಮರ ದಾರಿಗಳೂ ಕೂಡಿ ಮಧ್ಯ ರೈಲ್ವೆಯಾದುವು. ವಾಡಿಯ ಎರಡು ಕಡೆಯೂ ಒಂದೇ ಯಜಮಾನಿಕೆಗೆ ಬಂತು. 1966ರಲ್ಲಿ ಸಿಕಂದರಾಬಾದಿನಲ್ಲಿ ದಕ್ಷಿಣ ಮಧ್ಯ ರೈಲ್ವೆ ಹುಟ್ಟಿದಾಗ ಸೊಲ್ಲಾಪುರದ ವಿಭಾಗವೂ ಅದಕ್ಕೇ ಸೇರಿತು. 1977ರಲ್ಲಿ ಸೊಲ್ಲಾಪುರವನ್ನು ತಿರುಗಿ ಮಧ್ಯ ರೈಲ್ವೆಗೆ ಕೊಟ್ಟರು. ಅಂದಿನಿಂದ ವಾಡಿ ಪುನಃ ಗಡಿ. ನೂರು ವರ್ಷಗಳ ಹಿಂದೆ ಕಂಪೆನಿಯವರೂ ನಿಜಾಮರೂ ಎಳೆದ ಗೆರೆಯ ಮೇಲೆಯೇ ಸ್ವತಂತ್ರ ಭಾರತದ ಎರಡು ವಲಯಗಳು ಬಂದು ನಿಂತವು. ಅಳೆಯುವವನಿಗೆ ಈ ಗಡಿ ಮುಖ್ಯ, ಏಕೆಂದರೆ ಗಾಡಿಯನ್ನು ಎಷ್ಟು ಮಿನಿಟಿನ ತಡದೊಡನೆ ಒಪ್ಪಿಸಿದೆನೆಂಬುದು ಅವನ ಮಾನದ ಪ್ರಶ್ನೆ. ಸೇಡಮಿನ ಮಾನ ಯಾರ ಕೈಯಲ್ಲಿದೆಯೆಂಬುದು ಅಷ್ಟು ಸ್ಪಷ್ಟವಾಗಿಲ್ಲ.

ಇನ್ನು ಅಂಕಿಗಳ ವಿಷಯ. ಮೇಲೆ ಹೇಳಿದ ವರದಿಯ ಪ್ರಕಾರ ಮೇಲು ಮತ್ತು ಎಕ್ಸ್‌ಪ್ರೆಸ್ ಗಾಡಿಗಳ ಕಾಲನಿಷ್ಠೆ 2012–13ರಲ್ಲಿ ಶೇಕಡಾ 79 ಇದ್ದದ್ದು 2018–19ರಲ್ಲಿ ಶೇಕಡಾ 69.23ಕ್ಕೆ ಇಳಿಯಿತು. ಈ ಇಳಿತವನ್ನು ಓದುವಾಗ ಒಂದು ಸಂಗತಿಯನ್ನು ಮರೆಯಬಾರದು. ಅಲ್ಲಿಯವರೆಗೆ ಗಾಡಿ ಬಂದ ಹೊತ್ತನ್ನು ಸ್ಟೇಷನ್ನಿನವರು ಬರೆದು ತಿಳಿಸುತ್ತಿದ್ದರು. 2018ರಲ್ಲಿ ಮುಖ್ಯವಾದ ಸ್ಟೇಷನ್ನುಗಳಲ್ಲಿ ಸಿಗ್ನಲ್ಲಿಗೆ ಜೋಡಿಸಿದ ಡೇಟಾ ಲಾಗರ್ ಎಂಬ ಯಂತ್ರವೇ ಹೊತ್ತನ್ನು ಬರೆಯತೊಡಗಿತು. ಹಳಿಗಳ ದುರಸ್ತಿಯೂ ಆ ವರ್ಷಗಳಲ್ಲಿ ಹೆಚ್ಚಾಗಿ ನಡೆಯಿತೆಂಬುದು ನಿಜ. ಆದರೆ ಯಂತ್ರ ಬಂದದ್ದರಿಂದಲೂ ಅಂಕಿ ಇಳಿಯಿತೆಂದು ಇಲಾಖೆಯವರೇ ಆಗ ಹೇಳಿದರು. ಮನುಷ್ಯನು ಬರೆಯುವಾಗ 17 ಮಿನಿಟು ಒಮ್ಮೊಮ್ಮೆ 15 ಆಗಬಲ್ಲುದು. ಯಂತ್ರಕ್ಕೆ ಮೇಲಧಿಕಾರಿಯ ಭಯವೂ ಇಲ್ಲ, ಬಡ್ತಿಯ ಆಸೆಯೂ ಇಲ್ಲ. ಹೀಗೆ ಆ ವರ್ಷದ ಇಳಿತದಲ್ಲಿ ಗಾಡಿಗಳು ಕೆಟ್ಟದ್ದೆಷ್ಟು, ಬರವಣಿಗೆ ಸುಧಾರಿಸಿದ್ದೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಹಿಂದಿನ ವರ್ಷಗಳ ಎತ್ತರದ ಅಂಕಿಗಳನ್ನು ಉದಾಹರಿಸುವವರು ಅವುಗಳನ್ನು ಯಾವ ಕೈ ಬರೆಯಿತೆಂಬುದನ್ನೂ ಕೇಳಿಕೊಳ್ಳಬೇಕು.

ಇದಕ್ಕಿಂತ ವಿಚಿತ್ರವಾದದ್ದು 2020ನೆಯ ಇಸವಿಯ ಜುಲೈ 1ನೆಯ ತಾರೀಖು. ಆ ದಿನ ಭಾರತದ ರೈಲುಗಳೆಲ್ಲ ಸರಿಯಾದ ಹೊತ್ತಿಗೆ ಓಡಿದುವೆಂದೂ, ಚರಿತ್ರೆಯಲ್ಲಿಯೇ ಮೊದಲ ಸಲ ಶೇಕಡಾ ನೂರರ ಕಾಲನಿಷ್ಠೆ ಸಿದ್ಧಿಸಿತೆಂದೂ ಪ್ರಕಟಣೆ ಬಂತು. ಅಂಕಿಯಲ್ಲಿ ಸುಳ್ಳಿಲ್ಲ. ಆದರೆ ಆ ದಿನ ಎಣಿಕೆಗೆ ಬಂದ ಗಾಡಿಗಳು 201. ಸಾಮಾನ್ಯ ದಿನಗಳಲ್ಲಿ ಓಡುತ್ತಿದ್ದ ಪ್ರಯಾಣಿಕರ ಗಾಡಿಗಳು ಹದಿಮೂರು ಸಾವಿರದಷ್ಟು. ಸಾಂಕ್ರಾಮಿಕದ ಕಾರಣ ಊರೂರಿಗೆ ನಿಂತು ಹೋಗುವ ಸಾಮಾನ್ಯ ಪ್ಯಾಸೆಂಜರ್ ಗಾಡಿಗಳು ಮಾರ್ಚಿ ತಿಂಗಳಿನಿಂದಲೇ ನಿಂತುಹೋಗಿದ್ದುವು. ಓಡದ ಗಾಡಿಗೆ ತಡವಿಲ್ಲ; ಆದುದರಿಂದ ಪ್ಯಾಸೆಂಜರ್ ಗಾಡಿಗಾಗಿ ಕಾಯುತ್ತಿದ್ದ ಚಿತ್ತಾಪುರದವನ ಪಾಲಿಗೆ ಅತ್ಯಂತ ಕೆಟ್ಟದಾದ ದಿನಗಳಲ್ಲಿ ಒಂದು ದಿನವೇ ಪುಸ್ತಕದಲ್ಲಿ ಅತ್ಯಂತ ಶ್ರೇಷ್ಠವಾದ ದಿನವಾಯಿತು.

ರದ್ದಾದ ಗಾಡಿಯನ್ನು ಲೆಕ್ಕದಿಂದ ಬಿಡುವುದು ನಮ್ಮಲ್ಲಿ ಮಾತ್ರ ಇರುವ ದೋಷವಲ್ಲ. ಜರ್ಮನಿಯಲ್ಲಿ ಆರು ಮಿನಿಟಿಗಿಂತ ಕಡಮೆ ತಡವಾದುದನ್ನು ಸರಿಯೆಂದು ಎಣಿಸುತ್ತಾರೆ, ಓಡದ ಗಾಡಿಯನ್ನು ಎಣಿಸುವುದಿಲ್ಲ. ಇಂಗ್ಲೆಂಡಿನವರು ಬಹುಕಾಲ ನಮ್ಮಂತೆಯೇ ಕಡೆಯ ಸ್ಟೇಷನ್ನಿನಲ್ಲಿ ನೋಡುತ್ತಿದ್ದರು: ಹತ್ತಿರದ ಗಾಡಿಗೆ 5 ಮಿನಿಟು, ದೂರದ ಗಾಡಿಗೆ 10 ಮಿನಿಟು ರಿಯಾಯಿತಿ. 2019ರಿಂದ ಅವರು ದಾರಿಯಲ್ಲಿ ಹೊತ್ತು ದಾಖಲಾಗುವ ಪ್ರತಿಯೊಂದು ನಿಲುಗಡೆಯಲ್ಲಿಯೂ, ಒಂದು ಮಿನಿಟಿನೊಳಗೆ ಬಂತೆ ಇಲ್ಲವೆ ಎಂದು ಎಣಿಸುವ ಹೊಸ ಅಳತೆಯನ್ನು ಮುಂದಿಟ್ಟರು. ಸ್ವಿಟ್ಜರ್ಲೆಂಡಿನವರ ಕ್ರಮ ನನಗೆ ಇನ್ನೂ ಹಿಡಿಸುತ್ತದೆ. ಅವರು ಗಾಡಿಗಳನ್ನು ಎಣಿಸುವುದಕ್ಕಿಂತ ಜನರನ್ನು ಎಣಿಸುತ್ತಾರೆ: ಮೂರು ಮಿನಿಟಿನೊಳಗಾಗಿ ಊರು ಮುಟ್ಟಿದ ಪ್ರಯಾಣಿಕರೆಷ್ಟು? ತುಂಬಿದ ಗಾಡಿ ತಡವಾದರೆ ಅಂಕಿ ಹೆಚ್ಚು ಇಳಿಯುತ್ತದೆ. ಬರಿದಾದ ಗಾಡಿ ತಡವಾದರೆ ಹೆಚ್ಚೇನೂ ಆಗದು. ನಮ್ಮ ಲೆಕ್ಕದಲ್ಲಿ ಸಾವಿರ ಜನ ತುಂಬಿದ ಗಾಡಿಯೂ ಒಂದೇ, ಹತ್ತು ಜನರ ಗಾಡಿಯೂ ಒಂದೇ. ಸ್ವಿಟ್ಜರ್ಲೆಂಡು ಎಲ್ಲಿ, ಹದಿಮೂರು ಸಾವಿರ ಗಾಡಿಗಳ ನಾಡೆಲ್ಲಿ ಎಂದು ಆಕ್ಷೇಪಿಸಬಹುದು. ಒಪ್ಪುತ್ತೇನೆ. ನಾನು ಹೇಳುತ್ತಿರುವುದು ಗಾಡಿಗಳನ್ನು ಅವರಂತೆ ಓಡಿಸಬೇಕೆಂದಲ್ಲ; ಎಣಿಸುವುದಕ್ಕೆ ಹಿಮದ ಬೆಟ್ಟಗಳೇನೂ ಬೇಕಾಗಿಲ್ಲ.

ಚಿಂಚೋಳಿಯ ಮಾತು ಉಳಿದಿದೆ. ಆ ಊರಿಗೆ ರೈಲು ಇಲ್ಲ. ಅಲ್ಲಿನವನು ಗಾಡಿ ಹತ್ತಬೇಕಾದರೆ ಬಸ್ಸಿನಲ್ಲಿ ಸೇಡಮಿಗೋ ತಾಂಡೂರಿಗೋ ಬರಬೇಕು. ಇಳಿದ ಮೇಲೆ ಊರಿಗೆ ಹೋಗುವುದಕ್ಕೂ ಬಸ್ಸನ್ನು ಹಿಡಿಯಬೇಕು. ಸಂಜೆಯ ಕಡೆಯ ಬಸ್ಸು ರೈಲಿಗಾಗಿ ಕಾಯುವುದಿಲ್ಲ. ಆದ್ದರಿಂದ ಸೇಡಮಿನಲ್ಲಿ ಗಾಡಿ ಇಪ್ಪತ್ತು ಮಿನಿಟು ತಡವಾದರೆ ಸೇಡಮಿನವನಿಗೆ ಅದು ಇಪ್ಪತ್ತು ಮಿನಿಟು. ಚಿಂಚೋಳಿಯವನಿಗೆ ಮರುದಿನ ಬೆಳಗಿನವರೆಗೆ. ಹಳಿಯಿಲ್ಲದ ಊರಿಗೆ ಹಳಿಯ ಮೇಲಿನ ತಡ ಹೆಚ್ಚಾಗಿ ತಟ್ಟುತ್ತದೆ. ಮಿನಿಟುಗಳು ಎಲ್ಲರಿಗೂ ಒಂದೇ ತೂಕದವಲ್ಲವೆಂಬುದನ್ನು ಯಾವ ದೇಶದ ಅಳತೆಯೂ ಇನ್ನೂ ಪೂರ್ತಿಯಾಗಿ ಹಿಡಿದಿಲ್ಲ.

ಸೇಡಮಿನ ಹೊತ್ತನ್ನು ತಿಳಿಯುವುದು ಈಗ ಕಷ್ಟದ ಕೆಲಸವಾಗಿ ಉಳಿದಿಲ್ಲ. ಇಸ್ರೋ ಸಂಸ್ಥೆಯ ನೆರವಿನಿಂದ ಎಂಜಿನುಗಳಿಗೆ ಒಂದು ಉಪಕರಣವನ್ನು ಜೋಡಿಸುತ್ತಿದ್ದಾರೆ. ಅದು ಉಪಗ್ರಹದ ಮೂಲಕ ಗಾಡಿ ಎಲ್ಲಿದೆಯೆಂಬುದನ್ನು ಅರ್ಧ ಮಿನಿಟಿಗೊಮ್ಮೆ ತಿಳಿಸುತ್ತದೆ. 2022ರ ವೇಳೆಗಾಗಲೇ 2,700 ಎಂಜಿನುಗಳಿಗೆ ಇದನ್ನು ಹಾಕಿದ್ದರು. ಅಂಥ ಎಂಜಿನು ಎಳೆಯುವ ಗಾಡಿ ಮಳಖೇಡದ ಕೋಟೆಯ ಹತ್ತಿರ ಹಾಯುವ ಹೊತ್ತೂ, ಚಿತ್ತಾಪುರದ ಹೊರಗೆ ಕೆಂಪು ಸಿಗ್ನಲ್ಲಿಗೆ ನಿಂತ ಹೊತ್ತೂ ಎಲ್ಲವೂ ಬರೆಯಲ್ಪಡುತ್ತವೆ. ಸೇಡಂ, ಚಿತ್ತಾಪುರ, ಶಹಾಬಾದುಗಳಲ್ಲಿ ಈ ತಿಂಗಳು ಯಾವ ಗಾಡಿ ಎಷ್ಟು ದಿನ, ಎಷ್ಟು ಮಿನಿಟು ತಡವಾಯಿತೆಂದು ಆಯಾ ಸ್ಟೇಷನ್ನಿನ ಗೋಡೆಯ ಮೇಲೆ, ಗಡಿಯಾರದ ಕೆಳಗೆ, ಒಂದು ಹಾಳೆಯಲ್ಲಿ ಬರೆದು ಅಂಟಿಸುವುದಕ್ಕೆ ಇನ್ನು ಬೇಕಾದದ್ದು ಅಂಟು ಮತ್ತು ಅಪ್ಪಣೆ. ಅಂಟು ವಾಡಿಯ ಪೇಟೆಯಲ್ಲಿ ಸಿಕ್ಕುತ್ತದೆ.